ಹೆಸರು ಹೇಳದ ನಿಲಯ

ಈ ಕಥೆಯನ್ನು ಮೊದಲು ಹೇಳಿದವರು ಕಲ್ಯಾಣದ ರಘುಪತಿ ರಾಯರು. ಹೇಳಿದ್ದು ೨೦೧೪ರ ಮಕರ ಸಂಕ್ರಾಂತಿಯ ಸಂಜೆ. ಕೇಳಿದವರು ಒಂದೇ ಕಡೆ ಕೂತಿರಲಿಲ್ಲ. ಡೊಂಬಿವಲಿಯಲ್ಲಿ ಒಬ್ಬರು, ದಿವಾದಲ್ಲಿ ಒಬ್ಬರು, ವಾಶಿಯಲ್ಲಿ ಒಬ್ಬರು, ಹೀಗೆ ತಮ್ಮ ತಮ್ಮ ಮನೆಯಲ್ಲಿ ಪುಟ್ಟ ರೇಡಿಯೋ ಸೆಟ್ಟಿನ ಮುಂದೆ ಕೂತು ಕೇಳಿದರು. ಅವರೆಲ್ಲ ಪರೀಕ್ಷೆ ಬರೆದು, ಸರಕಾರದ ಪರವಾನಗಿ ಪಡೆದು, ಮನೆಯಿಂದಲೇ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಹವ್ಯಾಸಿಗಳು. ಎಲ್ಲರ ಕಿಸೆಗೂ ಮೊಬೈಲು ಬಂದ ಮೇಲೂ ಆ ಚಟ ಬಿಡದವರು. ನನಗೆ ಕಥೆಯ ಜೊತೆಗೆ ಈ ಕಾಗದಗಳೂ ಸಿಕ್ಕಿವೆ. ನಡುವೆ ನಾನು ಬಾಯಿ ಹಾಕುವುದಿಲ್ಲ, ಓದಿಕೊಳ್ಳಿ.

*

ಕಲ್ಯಾಣ
೪ ಆಗಸ್ಟ್ ೨೦೧೩

ಚಿ. ಅಪರ್ಣಾಳಿಗೆ ನಿನ್ನ ಮಾವ ರಘುಪತಿಯ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಅತ್ತೆ ಕಳಿಸಿದ ಮಿಡಿ ಉಪ್ಪಿನಕಾಯಿ ಹಾಸ್ಟೆಲಿಗೆ ತಲುಪಿತೆಂದು ತಿಳಿಯಿತು. ಫೋನಿನಲ್ಲಿ ಕೇಳಿದರೆ ನೀನು "ಹಾಂ ಮಾಮಾ, ಮಿಲ್ ಗಯಾ" ಎಂದು ಇಟ್ಟುಬಿಡುತ್ತಿ. ಅದಕ್ಕೇ ನಮ್ಮ ಹಳೇ ಕರಾರಿನಂತೆ ಕಾಗದ ಹಿಡಿದಿದ್ದೇನೆ. ನಾನು ಕನ್ನಡದಲ್ಲಿ ಬರೆಯುವುದು, ನೀನು ಕನ್ನಡದಲ್ಲಿ ಉತ್ತರ ಕೊಡುವುದು. ಒಂಬತ್ತನೇ ಕ್ಲಾಸಿನಿಂದ ನಡೆದು ಬಂದದ್ದು, ಡಾಕ್ಟರೇಟಿಗೆ ಓದುತ್ತಿದ್ದೇನೆಂದು ಮುರಿಯಬೇಡ.

ಒಂದು ವಿಚಿತ್ರ ನಡೆದಿದೆ. ನಮ್ಮ ಬಳಗದ ಬೆಳಗಿನ ಹಾಜರಿ ನಿನಗೆ ಗೊತ್ತೇ ಇದೆ. ಹೋಟೆಲಿಗೆ ಹೊರಡುವ ಮೊದಲು ನಾನು ಸೆಟ್ಟಿನ ಮುಂದೆ ಕೂತು ಒಬ್ಬೊಬ್ಬರ ಹೆಸರನ್ನೂ ಪರವಾನಗಿಯ ಜೊತೆ ಸರಕಾರ ಕೊಟ್ಟ ಕರೆಸಂಕೇತವನ್ನೂ ಕೂಗುತ್ತೇನೆ. ಅವರು ಮೈಕಿನ ಗುಂಡಿ ಒತ್ತಿ, ತಮ್ಮ ಸಂಕೇತ ಹೇಳಿ, "ಹಾಜರ್" ಎನ್ನುತ್ತಾರೆ. ಸಂಕೇತ ಹೇಳದೆ ಗುಂಡಿ ಒತ್ತುವುದು ನಮ್ಮಲ್ಲಿ ದೊಡ್ಡ ತಪ್ಪು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮದುವೆಮನೆಗೆ ನುಗ್ಗಿದ ಹಾಗೆ. ಈಗ ಒಬ್ಬ ದಿನಾ ನುಗ್ಗುತ್ತಿದ್ದಾನೆ.

ಮಾತಿಲ್ಲ, ಕೆಮ್ಮಿಲ್ಲ. ಅಲೆಯ ಬಲ ತೋರಿಸುವ ಸೆಟ್ಟಿನ ಮುಳ್ಳು ಮೇಲೇಳುತ್ತದೆ, ಬರಿಯ ಮೌನ ಬರುತ್ತದೆ, ಮುಳ್ಳು ಬೀಳುತ್ತದೆ. ಮತ್ತೊಮ್ಮೆ ಹಾಗೆಯೇ. ಎರಡು ಸಲ ಒತ್ತಿ ಸುಮ್ಮನಾಗುತ್ತಾನೆ. ಅದೂ ಪ್ರತಿ ದಿನ ಒಂದೇ ಜಾಗದಲ್ಲಿ: ಡೊಂಬಿವಲಿಯ ಸರ್ವೋತ್ತಮ ಹಾಜರಿ ಹೇಳಿ ಮುಗಿಸಿದ ಮೇಲೆ, ನಾನು ದಿವಾದ ಜಯಲತಾಳ ಹೆಸರಿಗೆ ಹೋಗುವ ಮೊದಲು.

"ಯಾರ್ರೀ ಅದು? ಹೆಸರು ಹೇಳಿ," ಎಂದೆ ಮೊದಲ ವಾರ.

"ರಾಯರೇ, ನಿಮ್ಮ ಹೋಟೆಲಿನ ಇಡ್ಲಿ ಗಂಟಲಲ್ಲಿ ಸಿಕ್ಕಿಕೊಂಡವನಿರಬೇಕು, ಪಾಪ, ಬಿಡಿ," ಎಂದ ಸರ್ವೋತ್ತಮ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ನಗು ನಿಂತಿದೆ. ಸರ್ವೋತ್ತಮನಿಗೆ ಸಿಟ್ಟು ಬಂದಿದೆ. ದೀಪಾವಳಿಯವರೆಗೆ ಕಾಯುತ್ತಾನಂತೆ, ಆಮೇಲೆ ವೈರ್‌ಲೆಸ್ ಇಲಾಖೆಗೆ ದೂರು. ಅವರು ಗಾಡಿ ತಂದು, ಅಲೆ ಬರುವ ದಿಕ್ಕು ಹಿಡಿದು, ಮನೆ ಹುಡುಕಿ, ಸೆಟ್ಟನ್ನೇ ಎತ್ತಿಕೊಂಡು ಹೋದಾರು. ಹೋಗಲಿ ಎಂದು ನನಗೂ ಅನಿಸುತ್ತದೆ. ಆದರೆ ಯಾರದೋ ಮನೆಗೆ ಅಧಿಕಾರಿಗಳನ್ನು ಕಳಿಸುವ ಮೊದಲು ಯಾರೆಂದು ನಾವೇ ತಿಳಿದುಕೊಂಡರೆ ವಾಸಿ. ನೀನು ಓದುತ್ತಿರುವುದು ತಂತಿಯಿಲ್ಲದ ಯಂತ್ರಗಳ ಗುರುತು ಹಿಡಿಯುವ ವಿದ್ಯೆಯೇ ಅಲ್ಲವೆ? ಒಂದೂ ಮಾತಾಡದವನ ಗುರುತು ಹಿಡಿಯಲು ಬರುತ್ತದೆಯೆ?

ನಿನ್ನ ಮಾವ,
ರಘುಪತಿ

*

ಖಾರ್ಘರ್, ನವಿ ಮುಂಬಯಿ
೧೯ ಆಗಸ್ಟ್ ೨೦೧೩

ಪೂಜ್ಯ ಮಾವನಿಗೆ ಅಪರ್ಣಾ ಮಾಡುವ ನಮಸ್ಕಾರಗಳು.

ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ, ರೂಂಮೇಟ್ ಮಾನಸಿ ನಗುತ್ತಾಳೆ.

ನಿಮ್ಮ ಪ್ರಶ್ನೆಗೆ ಉತ್ತರ: ಬರುತ್ತದೆ. ಹೇಗೆಂದು ಹೇಳುತ್ತೇನೆ. ದಿವಾ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಜನ ಲೋಕಲ್ ಹತ್ತುವುದನ್ನು ನೋಡಿದ್ದೀರಲ್ಲ? ಹತ್ತಿದ ಕೂಡಲೇ ಯಾರೂ ನೆಟ್ಟಗೆ ನಿಲ್ಲುವುದಿಲ್ಲ. ಒಬ್ಬ ಮುಂದೆ ವಾಲಿ ಹಿಡಿ ಹಿಡಿಯುತ್ತಾನೆ, ಒಬ್ಬಳು ಪಕ್ಕದವಳ ಹೆಗಲಿಗೆ ಒರಗಿ ಆಮೇಲೆ ಕಾಲೂರುತ್ತಾಳೆ. ಒಂದು ಕ್ಷಣ ಅಷ್ಟೆ. ಆಮೇಲೆ ಎಲ್ಲರೂ ಒಂದೇ ರೀತಿ ನಿಂತಿರುತ್ತಾರೆ. ಸೆಟ್ ಕೂಡ ಹಾಗೆ. ಗುಂಡಿ ಒತ್ತಿದಾಗ ಅದು ನೇರವಾಗಿ ತನ್ನ ತರಂಗದ ಮೇಲೆ ಬಂದು ನಿಲ್ಲುವುದಿಲ್ಲ. ಸ್ವಲ್ಪ ಮೇಲೆ ಹಾರುತ್ತದೆ, ಕೆಳಗೆ ಬೀಳುತ್ತದೆ, ತೂಗಾಡುತ್ತದೆ, ನಿಲ್ಲುತ್ತದೆ. ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ. ಆ ತೂಗಾಟ ಒಂದು ಸೆಟ್ಟಿನದು ಇನ್ನೊಂದಕ್ಕೆ ಇರುವುದಿಲ್ಲ. ಒಳಗೆ ತರಂಗ ಹುಟ್ಟಿಸುವ ಹರಳು ಒಂದರಲ್ಲಿ ಕೂದಲೆಳೆಯಷ್ಟು ಹೆಚ್ಚು ದಪ್ಪ, ಇನ್ನೊಂದರಲ್ಲಿ ಬೆಸುಗೆ ಕೊಂಚ ಜಾಸ್ತಿ. ಕಾರ್ಖಾನೆಯವರು ಬೇಕೆಂದು ಮಾಡಿದ್ದಲ್ಲ, ಅವರಿಗೆ ತಡೆಯಲಿಕ್ಕೂ ಆಗುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ಒಂದೇ ಮಾಡೆಲಿನ ಎರಡು ವೈಫೈ ಪೆಟ್ಟಿಗೆಗೆ ಒಂದೇ ನಂಬರ್ ಕೊಟ್ಟು ಇಟ್ಟೆವು. ಒಂದು ಕಳ್ಳ, ಒಂದು ಸಾಹುಕಾರ ಎಂದು ಲೆಕ್ಕ. ನಂಬರ್ ಕೇಳಿದ ಕಂಪ್ಯೂಟರ್ ಇಬ್ಬರನ್ನೂ ಒಳಗೆ ಬಿಟ್ಟಿತು. ಆಮೇಲೆ ಅಲೆಯ ಮೊದಲ ತುಂಡನ್ನು ಮಾತ್ರ ನೋಡಲು ಹೇಳಿದೆವು. ಪ್ರತಿ ಸಲ ಕಳ್ಳನನ್ನೇ ಹಿಡಿಯಿತು, ಮಾವ. ಹೆಸರು ಕದಿಯಬಹುದು, ಆ ಸೊಟ್ಟನ್ನು ಕದಿಯಲಾಗುವುದಿಲ್ಲ. ನಮ್ಮ ಸರ್ ಅದನ್ನು ದೋಷ ಎನ್ನುತ್ತಾರೆ. ಅವತ್ತಿನಿಂದ ನನಗೆ ಆ ಪದ ಹೇಳಲು ಮನಸ್ಸಾಗುತ್ತಿಲ್ಲ.

ಒಂದು ತೊಂದರೆ ಇದೆ. ಕೇಳುವ ಸೆಟ್ಟಿಗೂ ತನ್ನದೇ ಸೊಟ್ಟು ಇರುತ್ತದೆ. ಆದ್ದರಿಂದ ಎಲ್ಲರನ್ನೂ ಒಂದೇ ಕಿವಿಯಿಂದ ಕೇಳಬೇಕು. ೨೦೧೦ರಲ್ಲಿ ನಾನು ಕಾಲೇಜು ಪ್ರಾಜೆಕ್ಟಿಗೆಂದು ನಿಮ್ಮ ಸೆಟ್ಟಿನ ಹಿಂದಿನಿಂದ ಕಂಪ್ಯೂಟರಿಗೆ ಒಂದು ವೈರ್ ಎಳೆದು ಹಾಜರಿ ರೆಕಾರ್ಡ್ ಮಾಡಿದ್ದೆ, ನೆನಪಿದೆಯೆ? ಅದೇ ಸೆಟ್, ಅದೇ ವೈರ್, ಅದೇ ಕಂಪ್ಯೂಟರ್ ಬೇಕು. ಅತ್ತೆ ಆ ವೈರಿನಲ್ಲಿ ಬಟ್ಟೆ ಒಣಗಿಸುತ್ತಿಲ್ಲ ತಾನೆ?

ನಿಮ್ಮ,
ಅಪರ್ಣಾ

*

ಕಲ್ಯಾಣ
೧೫ ಸೆಪ್ಟೆಂಬರ್ ೨೦೧೩

ಚಿ. ಅಪರ್ಣಾಳಿಗೆ ಆಶೀರ್ವಾದಗಳು.

ಚೌತಿಯ ಗದ್ದಲದಲ್ಲಿ ಕಾಗದ ತಡವಾಯಿತು. ವೈರು ಸಿಕ್ಕಿತು. ಬಟ್ಟೆಯಲ್ಲ, ನಿನ್ನತ್ತೆ ಅದರಿಂದ ತುಳಸಿಕಟ್ಟೆಯ ಲೈಟಿನ ಸರ ಬಿಗಿದಿದ್ದಳು. ದೀಪಾವಳಿಗೆ ಮುಂಚೆ ಹೊಸ ಹಗ್ಗ ತಂದುಕೊಡುವೆನೆಂದು ಬೇಡಿ ಬಿಡಿಸಿಕೊಂಡೆ. ನೀನು ಫೋನಿನಲ್ಲಿ ಹೇಳಿದಂತೆ ಎಲ್ಲ ಮಾಡಿದೆ. ಹಾಜರಿಯನ್ನೆಲ್ಲ ತುಂಬಿದ ಡಿಸ್ಕನ್ನು ಜಯಲತಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಆಫೀಸಿಗೆಂದು ದಿನಾ ಥಾಣೆಯಲ್ಲಿ ಗಾಡಿ ಬದಲಿಸಿ ಆ ಕಡೆಗೇ ಬರುತ್ತಾಳಲ್ಲ.

ಮಗಾ, ನಾನು ಇಷ್ಟು ವರ್ಷ ರೇಡಿಯೋ ಹಿಡಿದಿದ್ದೇನೆ. ಕಿವಿಯಿಂದ ಹಿಡಿದಿದ್ದೆ, ಕಣ್ಣಿಂದ ನೋಡಿರಲಿಲ್ಲ. ನೀನು ಹಾಕಿಕೊಟ್ಟ ಪ್ರೋಗ್ರಾಮಿನಲ್ಲಿ ಸರ್ವೋತ್ತಮನ ಮೊದಲ ಒತ್ತು ದೊಡ್ಡದಾಗಿ ಹರಡಿಕೊಂಡಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಒಂದು ಕಡಿದಾದ ಗುಡ್ಡ, ಆಚೆ ಒಂದು ಸಣ್ಣ ದಿಬ್ಬ, ಆಮೇಲೆ ಗದ್ದೆಯ ಹಾಗೆ ಸಮ. ಮರುದಿನವೂ ಅದೇ ಗುಡ್ಡ, ಅದೇ ದಿಬ್ಬ. ಜಯಲತಾಳದು ಬೇರೆ: ಮೊದಲು ಹಳ್ಳ, ಆಮೇಲೆ ಏರು. ಎಲ್ಲರೂ ಬಾಯಿ ತೆರೆಯುವ ಮೊದಲೇ ತಮ್ಮ ಹೆಸರು ಹೇಳಿ ಮುಗಿಸಿರುತ್ತಾರೆ, ನಮಗೆ ಕೇಳಿಸುತ್ತಿರಲಿಲ್ಲ ಅಷ್ಟೆ. ಆ ದಿನ ಹೋಟೆಲಿನಲ್ಲಿ ಗಿರಾಕಿ ಕಾಫಿ ಕೇಳಿದರೆ ಅವನ ಮುಖವನ್ನೇ ನೋಡುತ್ತ ನಿಂತಿದ್ದೆನಂತೆ.

ನನಗೆ ಊರಿನ ಚಂದ್ರಬಾಯಿ ನೆನಪಾದಳು. ನಮ್ಮ ಮನೆಯ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದವಳು. ದನಗಳ ಕೊರಳಿಗೆ ಮರದ ಗಂಟೆ ಕಟ್ಟುತ್ತಿದ್ದರು, ಎಲ್ಲ ಒಂದೇ ಆಚಾರಿ ಒಂದೇ ಹಲಸಿನ ಮರದಿಂದ ಕೆತ್ತಿದ್ದು. ಒಂದು ಸಲ ನಮ್ಮ ಕಪ್ಪು ಹಸು ಹಾಡಿಯ ಮರಗಳ ನಡುವೆ ತಪ್ಪಿಸಿಕೊಂಡಿತು. ಆಚೆ ಊರಿನವನೊಬ್ಬ ಅಂಥದೇ ಕಪ್ಪು ಹಸು, ಅಂಥದೇ ಗಂಟೆ ಕಟ್ಟಿ ತಂದು ನಿಲ್ಲಿಸಿ ಇನಾಮು ಕೇಳಿದ. ಚಂದ್ರಬಾಯಿ ಒಳಗೆ ಮಜ್ಜಿಗೆ ಕಡೆಯುತ್ತಿದ್ದವಳು ಹೊರಗೂ ಬರಲಿಲ್ಲ. "ಅದು ನಮ್ಮ ಗಂಟೆಯಲ್ಲ, ಅದರ ಗಂಟಲು ಬೇರೆ. ನಮ್ಮದು ಗುಡ್ಡೆಯ ಆಚೆ ಮೇಯುತ್ತಿದೆ, ನನಗಿಲ್ಲಿಗೆ ಕೇಳುತ್ತದೆ," ಎಂದಳು. ನಮಗೆ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಸಂಜೆ ಹಸು ತಾನಾಗಿ ಬಂತು.

ನಿನ್ನ ಕಂಪ್ಯೂಟರಿಗೆ ಚಂದ್ರಬಾಯಿಯ ಕಿವಿ ಬಂದಿದೆ.

ಒಂದು ಮಾತು ಕೇಳಬೇಕೆಂದಿದ್ದೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಸೆಟ್ಟುಗಳೂ ಬೇರೆಯಾಗಿಯೇ ಇರುತ್ತವೆಯೆ? ನನ್ನದೂ ಮಾಜಿವಾಡಾದ ವಿಷ್ಣುಮೂರ್ತಿಯದೂ ಹಾಗೆ ಕೊಂಡದ್ದು. ಅವನು ಆಗ ಶಹಾಡಿನ ಕಾರ್ಖಾನೆಯಲ್ಲಿ ಅಕೌಂಟೆಂಟು. ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಓದಿದವರು. ಅವನ ಮಾತು ಯಾಕೆ ಬಂತೋ. ಜಗಳ ನಿನಗೆ ಗೊತ್ತಿಲ್ಲ. ಮೂರು ವರ್ಷದ ಹಿಂದೆ ಶಹಾಡಿನಲ್ಲಿ ಎರಡನೇ ಹೋಟೆಲು ತೆರೆದಾಗ ನಾನು ಹಾಜರಿ ಮುಗಿಸಿ, "ಎಲ್ಲರೂ ಬನ್ನಿ, ನೀರುದೋಸೆ ಬಿಸಿ ಇದೆ," ಎಂದೆ. ಅದಕ್ಕವನು ಎಲ್ಲರೆದುರು, "ನಿರ್ವಾಹಕರೇ, ಹವ್ಯಾಸಿ ತರಂಗದಲ್ಲಿ ವ್ಯಾಪಾರದ ಮಾತು ಕೂಡದು. ನಿಯಮ ನಿಮಗೆ ಗೊತ್ತಿದೆ," ಎಂದ. ನಿಮಗೆ! ಇಪ್ಪತ್ತು ವರ್ಷ "ಏನು ಮಾರಾಯ" ಎಂದವನು. ಮರುದಿನ ನಾನು ಅವನ ಹೆಸರು ಕರೆಯಲಿಲ್ಲ. ಅವನೂ ಕೇಳಲಿಲ್ಲ.

ಇರಲಿ. ಡಿಸ್ಕು ನೋಡಿ ಬರೆ.

ನಿನ್ನ ಮಾವ,
ರಘುಪತಿ

*

ಖಾರ್ಘರ್
೬ ಅಕ್ಟೋಬರ್ ೨೦೧೩

ಪೂಜ್ಯ ಮಾವನಿಗೆ ನಮಸ್ಕಾರಗಳು.

ಹೆಸರು ಹೇಳದವರ ಒತ್ತು ಈಗ ಹಾಜರಿಯಲ್ಲಿರುವ ಯಾರಿಗೂ ಹೊಂದಲಿಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಕಾಗದದ ಕೊನೆಯ ಭಾಗ ಓದಿದ ಮೇಲೆ ನನ್ನ ೨೦೧೦ರ ರೆಕಾರ್ಡಿಂಗ್ ಹುಡುಕಿ ತೆಗೆದೆ. ಅದೇ ಕಿವಿಯಿಂದ ಕೇಳಿದ್ದಲ್ಲವೆ?

ಮಾವ, ಒಂದರ ಮೇಲೊಂದು ಇಟ್ಟೆ. ಎರಡು ಗೆರೆ ಇದ್ದವು, ಒಂದಾಗಿ ಹೋದವು. ಮೂರು ವರ್ಷದಲ್ಲಿ ಸೆಟ್ಟಿಗೆ ವಯಸ್ಸಾಗಿದೆ, ಕೊನೆಯ ಇಳಿಜಾರು ಒಂದು ಚೂರು ಸರಿದಿದೆ, ಅಷ್ಟೆ. ನಾನು ಮಾನಸಿಯನ್ನು ಕರೆದು ತೋರಿಸಿದೆ. ಅವಳಿಗೆ ನಿಮ್ಮ ಬಳಗವೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ. "ದೋನೋ ತೋ ಏಕ್ ಹೀ ಹೈ, ಪಗಲಿ," ಎಂದಳು.

ನಿಮ್ಮ ಅವಳಿ ಸೆಟ್ಟಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ನಿಮ್ಮದನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅಣ್ಣತಮ್ಮಂದಿರ ಹಾಗಿವೆ. ಆದರೆ ನೀವು ಗುಡ್ಡ ಹತ್ತಿ ಇಳಿಯುತ್ತೀರಿ, ಅವರು ಇಳಿಯುವ ಮೊದಲು ಒಂದು ಸಲ ತಡೆದು ನಿಲ್ಲುತ್ತಾರೆ.

ಸರ್ವೋತ್ತಮ ಅಂಕಲ್ ಮತ್ತು ಜಯಲತಾ ಆಂಟಿಯ ನಡುವೆ ಆಗ ನೀವು ಕರೆಯುತ್ತಿದ್ದ ಹೆಸರು ಯಾವುದೆಂದು ರೆಕಾರ್ಡಿಂಗಿನಲ್ಲಿ ಕೇಳಿಸಿಕೊಂಡೆ. ನಿಮ್ಮದೇ ದನಿಯಲ್ಲಿದೆ. ಅದನ್ನು ನಾನು ಇಲ್ಲಿ ಬರೆಯಬೇಕಿಲ್ಲ.

ಒಂದು ಎಚ್ಚರಿಕೆ. ಸೆಟ್ ಯಾವುದು ಎಂದು ನಾನು ಹೇಳಬಲ್ಲೆ. ಒತ್ತಿದ ಕೈ ಯಾರದು ಎಂದು ಹೇಳಲಾರೆ. ಹಳೆಯದರಲ್ಲಿ ಗುಂಡಿ ಗಟ್ಟಿಯಾಗಿ ಒತ್ತಿ, ಥಟ್ಟನೆ ಬಿಟ್ಟಿದ್ದಾರೆ. ಈಗಿನದು ನಡುವೆ ಸಡಿಲಾಗುತ್ತದೆ, ಮತ್ತೆ ಹಿಡಿಯುತ್ತದೆ, ತಡವರಿಸಿ ಬಿಡುತ್ತದೆ. ಗುಂಡಿಯ ಸ್ಪ್ರಿಂಗ್ ಹಳೆಯದಾಗಿರಬಹುದು.

ಅಪರ್ಣಾ

*

ಖಾರ್ಘರ್
೧೦ ನವೆಂಬರ್ ೨೦೧೩

ಮಾವನಿಗೆ ನಮಸ್ಕಾರ.

ನೀವು ಉತ್ತರ ಬರೆದಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತುತ್ತಾರೆ. "ಊಟ ಮಾಡ್ತಾರೆ, ಹೋಟೆಲಿಗೆ ಹೋಗ್ತಾರೆ, ಮಾತಿಲ್ಲ. ನೀನೇನು ಬರೆದಿದ್ದಿ ಮಾರಾಯ್ತಿ?" ಎಂದು ನನ್ನನ್ನೇ ಕೇಳುತ್ತಾರೆ. ದೀಪಾವಳಿಯೂ ಆಯಿತು. ಸರ್ವೋತ್ತಮ ಅಂಕಲ್ ದೂರು ಬರೆದು ಮುಗಿಸಿದ್ದಾರಂತೆ, ಜಯಲತಾ ಆಂಟಿ ಹೇಳಿದರು. ನೀವು ಸಹಿ ಹಾಕಿದರೆ ಕಳಿಸುತ್ತಾರಂತೆ.

ನಾನು ಯಾರಿಗೂ ಹೆಸರು ಹೇಳಿಲ್ಲ. ಹೇಳಬೇಕಾದವರು ನೀವು.

ಅಪರ್ಣಾ

*

ಕಲ್ಯಾಣ
೧ ಡಿಸೆಂಬರ್ ೨೦೧೩

ಶ್ರೀ ವಿಷ್ಣುಮೂರ್ತಿಯವರಿಗೆ ನಮಸ್ಕಾರ.

ಬೆಳಗಿನ ಹಾಜರಿಯ ನಡುವೆ ಗುಂಡಿ ಒತ್ತುತ್ತಿರುವವರು ನೀವು ಎಂದು ತಿಳಿದಿದೆ. ಯಾರೂ ಚಾಡಿ ಹೇಳಿದ್ದಲ್ಲ. ಯಂತ್ರ ಗುರುತು ಹಿಡಿಯಿತು. ನಿಮ್ಮ ಸೆಟ್ಟು ಸಾವಿರ ಸೆಟ್ಟುಗಳ ನಡುವೆ ಒತ್ತಿದರೂ ತಾನು ಯಾರೆಂದು ಹೇಳುತ್ತದೆಯಂತೆ. ನನ್ನ ಸೋದರಸೊಸೆ ಅಪರ್ಣಾ ಅದನ್ನೇ ಓದುತ್ತಿದ್ದಾಳೆ.

ಸಂಕೇತ ಹೇಳದೆ ಒತ್ತುವುದು ನಿಯಮವಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕೆ? ನೀರುದೋಸೆಯ ಒಂದು ಮಾತಿಗೆ ನನಗೆ ನಿಯಮ ತೋರಿಸಿದವರು ನೀವು. ಈಗ ದಿನಾ ನನ್ನ ಹಾಜರಿಯಲ್ಲಿ ನಿನ್ನ ಹೆಸರಿದ್ದ ಜಾಗಕ್ಕೇ ಬಂದು ಅಣಕಿಸುತ್ತಿ. ಹೆಸರು ಹೇಳಲು ನಿನಗೆ ಬಾಯಿ ಇಲ್ಲವೆ?

ಬಳಗದವರು ಇಲಾಖೆಗೆ ದೂರು ಬರೆದಿಟ್ಟಿದ್ದಾರೆ. ನನ್ನ ಸಹಿಯೊಂದು ಬಾಕಿ. ಹದಿನೈದು ದಿನ ಕಾಯುತ್ತೇನೆ.

ರಘುಪತಿ

*

ಮಾಜಿವಾಡಾ, ಥಾಣೆ
೧೩ ಡಿಸೆಂಬರ್ ೨೦೧೩

ರಘುಪತಿಯಣ್ಣನಿಗೆ ವೇದಾವತಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಅದನ್ನು ನಾನೇ ಇವರಿಗೆ ಓದಿ ಹೇಳಿದೆ. ಬಾಯಿ ಇಲ್ಲವೆ ಎಂದು ಕೇಳಿದ ಸಾಲನ್ನು ಮಾತ್ರ ಬಿಟ್ಟು ಓದಿದೆ.

ಕಳೆದ ಏಪ್ರಿಲಿನಲ್ಲಿ ಇವರಿಗೆ ಲಕ್ವ ಹೊಡೆಯಿತು. ಬಲಗೈ ಹೋಗಿದೆ, ಮಾತು ಹೋಗಿದೆ. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ. ಇವರಿಗೆ ಅಕ್ಷರ ಕೂಡಿಸಲು ಆಗುವುದಿಲ್ಲ, ಬರೆಯಲೂ ಆಗದು. ನೀವಿಬ್ಬರೂ ಪರೀಕ್ಷೆಗೆಂದು ನಮ್ಮ ಅಡುಗೆಮನೆಯ ಡಬ್ಬಿ ತಟ್ಟಿ ಕಲಿತ ಆ ಕಟ್ಟಕಡ ತಂತಿ ಭಾಷೆಯೂ ಹೋಗಿದೆ. ಒಂದು ದಿನ ಎಡಗೈಯಿಂದ ಮೇಜು ತಟ್ಟಲು ನೋಡಿದರು, ಎರಡನೇ ಅಕ್ಷರಕ್ಕೆ ಕೈ ನಿಂತಿತು. ಮುಖ ಆಚೆ ತಿರುಗಿಸಿಕೊಂಡರು.

ಇದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ. ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಒಂದು ಸಾಲು ಬಂದಿತ್ತು. ಗೊತ್ತಿದ್ದೂ ಬರಲಿಲ್ಲ, ಗೊತ್ತಿದ್ದೂ ಹೆಸರು ಕರೆಯುತ್ತಿಲ್ಲ ಎಂದು ನಾನು ನಿಮ್ಮ ಮೇಲೆ ಬೇಸರ ಇಟ್ಟುಕೊಂಡಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಆ ಬೇಸರ ಹೋಯಿತು.

ನಿಮಗೆ ಇನ್ನೊಂದು ಗೊತ್ತಿರಲಿಕ್ಕಿಲ್ಲ. ಜಗಳವಾದ ಮೇಲೂ ಇವರು ಒಂದು ದಿನವೂ ನಿಮ್ಮ ಹಾಜರಿ ಕೇಳದೆ ಬಿಟ್ಟವರಲ್ಲ. ತಮ್ಮ ಹೆಸರು ಬರಬೇಕಾದ ಜಾಗದಲ್ಲಿ ಪೇಪರಿನಿಂದ ತಲೆ ಎತ್ತುತ್ತಿದ್ದರು. ನೀವು ಜಯಲತಾ ಎಂದ ಮೇಲೆ ಮತ್ತೆ ಓದುತ್ತಿದ್ದರು. "ನೀವೇ ಒಂದು ಮಾತು ಆಡಿಬಿಡಿ," ಎಂದರೆ, "ಅವನು ಕರೆಯಲಿ," ಎನ್ನುತ್ತಿದ್ದರು. ಮಾತಿದ್ದಾಗ ಗುಂಡಿ ಒತ್ತಲಿಲ್ಲ. ಮಾತು ಹೋದ ಮೇಲೆ ಒತ್ತುತ್ತಿದ್ದಾರೆ. ಎರಡು ಸಲ ಒತ್ತಿದರೆ ನಿಮ್ಮಲ್ಲಿ ಕೇಳಿಸಿತು ಎಂದು ಅರ್ಥವಂತಲ್ಲ?

ಓದುವಾಗ, ಯಂತ್ರ ಗುರುತು ಹಿಡಿಯಿತು ಎಂಬ ಸಾಲಿಗೆ ಬಂದಾಗ ಇವರು ನನ್ನ ಕೈ ಹಿಡಿದರು. ಮತ್ತೆ ಓದು ಎಂದು ಬೆರಳಿನಿಂದ ತೋರಿಸಿದರು. ಮತ್ತೆ ಓದಿದೆ. ಮತ್ತೂ ಓದಿಸಿಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ಇವರ ಮುಖ ಹಾಗೆ ಆದದ್ದನ್ನು ನಾನು ನೋಡಿರಲಿಲ್ಲ.

ನಿಯಮದ ಮಾತು ನನಗೆ ತಿಳಿಯದು. ತಪ್ಪೇ ಇರಬಹುದು. ದೂರು ಹೋಗಿ, ಅವರು ಬಂದು ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗುವ ಹಾಗೆ ಮಾತ್ರ ಮಾಡಬೇಡಿ. ಇವರು ಬೆಳಿಗ್ಗೆ ಏಳುವುದು ಅದಕ್ಕಾಗಿ.

ವೇದಾವತಿ

*

ಕಲ್ಯಾಣ
೧೬ ಜನವರಿ ೨೦೧೪

ಚಿ. ಅಪರ್ಣಾಳಿಗೆ ಆಶೀರ್ವಾದಗಳು.

ವೇದಾವತಿಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಆ ಕಾಗದ ಬಂದ ಮೇಲೂ ನಾನು ಒಂದು ತಿಂಗಳು ಮಾಜಿವಾಡಾಕ್ಕೆ ಹೋಗಲಿಲ್ಲ. ಎರಡು ಸಲ ಬಸ್ಸು ಹತ್ತಿದೆ, ಎರಡು ಸಲವೂ ನಡುವೆ ಇಳಿದು ವಾಪಸಾದೆ. ಕೊನೆಗೆ ಮೊನ್ನೆ ಸಂಕ್ರಾಂತಿಯ ದಿನ ನಿನ್ನತ್ತೆಯೇ ನೀರುದೋಸೆಯ ಡಬ್ಬಿ ಕಟ್ಟಿ, ಚಪ್ಪಲಿ ಹಾಕಿಕೊಂಡು, "ನಾನು ಹೊರಟೆ, ನೀವು ಬರೋದಾದ್ರೆ ಬನ್ನಿ," ಎಂದಳು.

ವಿಷ್ಣುಮೂರ್ತಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಪಕ್ಕದ ಮನೆಯ ಮರಾಠಿ ಹೆಂಗಸು ಆಗಷ್ಟೇ ಎಳ್ಳುಂಡೆ ಕೊಟ್ಟು, ಸಿಹಿಯಾಗಿ ಮಾತಾಡಿ ಎಂದು ಹಬ್ಬದ ವಾಡಿಕೆಯಂತೆ ಹೇಳಿ ಹೋಗಿದ್ದಳು. ಉಂಡೆ ಅವನ ಎಡಗೈಯಲ್ಲೇ ಇತ್ತು.

"ಏನು ಮಾರಾಯ," ಎಂದೆ.

ಅವನು ನನ್ನನ್ನು ನೋಡಿದ. ಆಮೇಲೆ ನಿನ್ನತ್ತೆಯ ಕೈಯ ಡಬ್ಬಿಯನ್ನು ನೋಡಿದ. ಡಬ್ಬಿ ತೋರಿಸಿ, ಗೋಡೆಯ ಮೇಲಿದ್ದ ತನ್ನ ಪರವಾನಗಿಯ ಚೌಕಟ್ಟನ್ನು ತೋರಿಸಿ, ಬೆರಳು ಅಲ್ಲಾಡಿಸಿದ: ವ್ಯಾಪಾರ ಕೂಡದು! ಮೊದಲು ನಕ್ಕದ್ದು ವೇದಾವತಿ. ಅವನ ನಗುವಿಗೆ ಶಬ್ದವಿರಲಿಲ್ಲ, ಭುಜ ಮಾತ್ರ ಕುಣಿಯಿತು.

ನೀನು ಪ್ರಿಂಟು ತೆಗೆದು ಕಳಿಸಿದ್ದ ಹಾಳೆಯನ್ನು ಅವನ ತೊಡೆಯ ಮೇಲೆ ಹರಡಿದೆ. "ಇದು ನಿನ್ನ ಸೆಟ್ಟು. ಇದು ನಿನ್ನ ಹೆಸರು ಅಂತ ಇಟ್ಟುಕೋ. ನೀನು ಬಾಯಿ ಬಿಡದಿದ್ದರೂ ಇದು ಹೋಗಿ ಹೇಳಿಬಿಟ್ಟಿದೆ," ಎಂದೆ. ಅವನು ಎಡಗೈಯ ತೋರುಬೆರಳನ್ನು ಗೆರೆಯ ಮೊದಲಿಗೆ ಇಟ್ಟ. ನಿಧಾನಕ್ಕೆ ಗುಡ್ಡ ಹತ್ತಿಸಿದ. ನೀನು ಹೇಳಿದ ಆ ತಡೆದು ನಿಲ್ಲುವ ಜಾಗದಲ್ಲಿ ಬೆರಳು ನಿಂತಿತು. ಆಮೇಲೆ ಇಳಿದು, ತೂಗಾಡಿ, ಸಮನಾದ ಗೆರೆಯ ಮೇಲೆ ಹಾಳೆಯ ಅಂಚಿನವರೆಗೆ ಹೋಯಿತು. ಎಲ್ಲಿಯೂ ಗೆರೆ ಬಿಡಲಿಲ್ಲ. ಮಗಾ, ನಮ್ಮ ಊರಿನ ದೇವಸ್ಥಾನದ ಒಳಗೂ ನಾನು ಅಷ್ಟು ಸುಮ್ಮನೆ ನಿಂತವನಲ್ಲ.

ಸಂಜೆ ಬಳಗದ ಸಂಕ್ರಾಂತಿಯ ಮಾತುಕತೆ ಇತ್ತು. ದೂರಿನ ಕಾಗದ ಇನ್ನೂ ಸರ್ವೋತ್ತಮನ ಬಳಿಯೇ ಇತ್ತು, ನನ್ನ ಸಹಿಗೆ ಕಾದು ಕಾದು ತಾನೊಬ್ಬನೇ ಕಳಿಸುವೆನೆಂದಿದ್ದ. "ಇವರಿಗೆಲ್ಲ ಹೇಳಲೇ?" ಎಂದು ವಿಷ್ಣುಮೂರ್ತಿಯನ್ನು ಕೇಳಿದೆ. ಅವನು ನನ್ನ ಮಣಿಕಟ್ಟನ್ನು ಎರಡು ಸಲ ಒತ್ತಿದ.

ಅವನ ಕುರ್ಚಿಯ ಪಕ್ಕದಲ್ಲೇ ಕೂತು, ಅವನದೇ ಮೈಕು ಹಿಡಿದು, ನನ್ನ ಸಂಕೇತ ಹೇಳಿ, ಕಥೆ ಹೇಳಿದೆ. ಚಂದ್ರಬಾಯಿಯಿಂದ ಶುರುಮಾಡಿದೆ. ನಿನ್ನ ಗುಡ್ಡ, ದಿಬ್ಬ, ಲೋಕಲ್ ಹತ್ತುವ ಜನ, ಎಲ್ಲ ಹೇಳಿದೆ. ನೀರುದೋಸೆಯನ್ನೂ ಬಿಡಲಿಲ್ಲ. ಕೊನೆಗೆ ಹೆಸರು ಹೇಳಿದೆ, ಏಪ್ರಿಲಿನಲ್ಲಿ ಏನಾಯಿತೆಂದು ಹೇಳಿದೆ. ಮುಗಿಸಿ ಗುಂಡಿ ಬಿಟ್ಟೆ. ಮೊದಲು ಬಂದದ್ದು ಸರ್ವೋತ್ತಮ.

"ಇಡ್ಲಿಯ ಮಾತು ಆಡಿದವನು ನಾನು," ಎಂದ. ತನ್ನ ಸಂಕೇತ ಹೇಳಿ ಹೊರಟುಹೋದ. ದೂರಿನ ಬಗ್ಗೆ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೆ ಮನೆಗೆ ಬಂದವನಿಗೆ ನಿದ್ದೆ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಹಾಜರಿ. ಇಲ್ಲಿ ನನ್ನ ಸೆಟ್ಟು, ಹಿಂದೆ ನಿನ್ನ ವೈರು, ಎದುರಿಗೆ ಪರದೆ. ಸರ್ವೋತ್ತಮನನ್ನು ಕರೆದೆ, ಹಾಜರ್ ಎಂದ. ಆಮೇಲೆ ಮೂರು ವರ್ಷ ಕರೆಯದ ಸಂಕೇತವನ್ನು ಕರೆದೆ. ನಾಲಿಗೆ ಮರೆತಿರಲಿಲ್ಲ. "ಮಾಜಿವಾಡಾದಿಂದ ವಿಷ್ಣುಮೂರ್ತಿ," ಎಂದು ಗುಂಡಿ ಬಿಟ್ಟು ಕಾದೆ.

ಮುಳ್ಳು ಎದ್ದಿತು. ಬಿತ್ತು. ಮತ್ತೆ ಎದ್ದಿತು.

ಜಯಲತಾಳ ಹೆಸರಿಗೆ ಹೋಗಬೇಕೆಂದು ನಾನು ಗುಂಡಿಗೆ ಬೆರಳಿಟ್ಟರೆ, ಅಷ್ಟರಲ್ಲಿ ಮುಳ್ಳು ತಾನಾಗಿ ಏಳುತ್ತಿದೆ. ಮಾತಿಲ್ಲ. ಎರಡು ಸಲ. ಪರದೆ ನೋಡಿದೆ: ಕಡಿದಾದ ಗುಡ್ಡ, ಆಚೆ ಸಣ್ಣ ದಿಬ್ಬ. ಸರ್ವೋತ್ತಮ! ಆಗಲೇ ಹಾಜರಿ ಹೇಳಿ ಮುಗಿಸಿದ್ದವನು, ನಿಯಮವೆಂದರೆ ಪ್ರಾಣ ಬಿಡುವವನು, ಹೆಸರು ಹೇಳದೆ ಒತ್ತಿದ್ದ. ಹಿಂದೆಯೇ ಇನ್ನೊಂದು: ಮೊದಲು ಹಳ್ಳ, ಆಮೇಲೆ ಏರು. ಜಯಲತಾ. ಆಮೇಲೆ ವಾಶಿಯ ಪುಂಡರೀಕಾಕ್ಷ, ಅವನ ಹಿಂದೆ ಇನ್ನೊಬ್ಬರು. ಒಬ್ಬರ ಮೇಲೊಬ್ಬರು ಬೀಳದೆ, ಸಾಲಿನಲ್ಲಿ, ಎರಡೆರಡು ಸಲ. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲವಂತೆ, ಆಮೇಲೆ ಕೇಳಿದೆ.

ಒಬ್ಬರೂ ಹೆಸರು ಹೇಳಲಿಲ್ಲ. ನಾನು ಪರದೆಯ ಮೇಲೆ ಏಳುವ ಗುಡ್ಡಗಳನ್ನು ನೋಡುತ್ತ, ಒಬ್ಬೊಬ್ಬರನ್ನೇ ಗುರುತು ಹಿಡಿದು, ಎಲ್ಲರ ಹಾಜರಿ ಹಾಕಿದೆ.

ನಿನ್ನ ಮಾವ,
ರಘುಪತಿ